ಚಿಂತೆಯ ಹೊಣೆ ಯಾರದು?

ಚಿತೆ, ಚಿಂತೆ ಎಂಬ ಎರಡು ಶಬ್ದಗಳಿಗೆ ಒಂದು ಸೊನ್ನೆಯಷ್ಟೇ ಭೇದವೆಂದೂ, ಚಿತೆಯು ಸತ್ತವರನ್ನು ಸುಟ್ಟರೆ ಚಿಂತೆಯು ಬದುಕಿರುವವರನ್ನೇ ಸುಡುವುದೆಂದೂ ಹೇಳುವ ಚಮತ್ಕಾರದ ಮಾತನ್ನು ಸಂಸ್ಕೃತ ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಮಾತು ಹಳೆಯದು, ಅನುಭವಕ್ಕೆ ಒಪ್ಪುವಂಥದೂ ಹೌದು. ಆದರೆ ಈ ಮಾತನ್ನು ಆಡುವವರು ಸಾಮಾನ್ಯವಾಗಿ ಚಿಂತೆಯಿಲ್ಲದವರು, ಕೇಳಿಸಿಕೊಳ್ಳುವವರು ಚಿಂತೆಯುಳ್ಳವರು ಎಂಬ ಸಂಗತಿಯನ್ನು ವಾಚಕರು ಲಕ್ಷಿಸಿರುವರೋ ಇಲ್ಲವೋ ಅರಿಯೆನು. ಸಾಲದ ಕಂತು ಕಟ್ಟಲಾರದೆ ರಾತ್ರಿಯೆಲ್ಲ ಸೂರು ನೋಡುತ್ತ ಮಲಗುವ ಗೃಹಸ್ಥನ ಮನೆಗೆ ಬಂಧುಗಳು ಬರುವರು, ಕಾಫಿ ಕುಡಿಯುವರು, “ಚಿಂತೆ ಮಾಡಬೇಡಿ, ಆರೋಗ್ಯ ಕೆಟ್ಟೀತು” ಎಂದು ಹೇಳಿ ಎದ್ದುಹೋಗುವರು. ಈ ಹಿತೋಪದೇಶದ ಫಲವೇನು? ಮೊದಲು ಸಾಲದ ಚಿಂತೆಯೊಂದೇ ಇದ್ದವನಿಗೆ ಆರೋಗ್ಯದ ಚಿಂತೆಯೂ ಸೇರಿತು. ಚಿಂತಿಸುವುದು ತನ್ನದೇ ದೌರ್ಬಲ್ಯವೆಂಬ ನಾಚಿಕೆಯೂ ಅದರ ಮೇಲೆ ಬಂದು ಕುಳಿತಿತು.

ಮನಸ್ಸಿನ ಹೊರೆಯು ದೇಹವನ್ನು ಕೆಡಿಸುವುದೇ ಇಲ್ಲವೇ ಎಂಬುದು ಈಗ ಪ್ರಶ್ನೆಯಾಗಿ ಉಳಿದಿಲ್ಲ. ಕೆಡಿಸುವುದು ನಿಶ್ಚಯ, ಯಾವ ದಾರಿಯಿಂದ ಕೆಡಿಸುವುದೆಂಬುದನ್ನೂ ಶರೀರಶಾಸ್ತ್ರಜ್ಞರು ಬಹುಮಟ್ಟಿಗೆ ಕಂಡುಕೊಂಡಿದ್ದಾರೆ. ಉಳಿದಿರುವುದು ಧರ್ಮವಿಚಾರ. ಹೀಗೆ ಬಂದ ಬೇನೆಗೆ ಹೊಣೆ ಯಾರು? ಚಿಂತಿಸಿದವನೊಬ್ಬನೇ? ಅಥವಾ ಚಿಂತೆಗೆ ಕಾರಣವನ್ನು ಒದಗಿಸಿದವರೂ, ಕಂಡು ಸುಮ್ಮನಿದ್ದವರೂ ಅದರಲ್ಲಿ ಪಾಲುಗಾರರೇ? ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಉತ್ತರವನ್ನು ಮಾತ್ರ ಪ್ರತಿದಿನವೂ ಕೊಡುತ್ತಿರುತ್ತೇವೆ. ಅದೂ ಒಂದೇ ಪಕ್ಷಕ್ಕೆ ಅನುಕೂಲವಾಗಿ.

ಮೊದಲು ಶಬ್ದವನ್ನು ಕುರಿತು ಎರಡು ಮಾತು. ಇಂಗ್ಲಿಷಿನ ‘ಸ್ಟ್ರೆಸ್’ ಎಂಬುದನ್ನು ಈಗಿನ ಪತ್ರಿಕೆಗಳಲ್ಲಿ ‘ಒತ್ತಡ’ ಎಂದು ಬರೆಯುವರು. ಒತ್ತಡವೆಂದರೆ ಹೊರಗಿನಿಂದ ಒತ್ತುವ ಬಲವೋ, ಒತ್ತಿದಾಗ ಒಳಗೆ ಉಂಟಾಗುವ ವಿಕಾರವೋ? ಎರಡಕ್ಕೂ ಒಂದೇ ಹೆಸರು ನಡೆಯುತ್ತಿರುವುದರಿಂದ ವಿಚಾರವು ಕಲಸಿಹೋಗಿದೆ. ಗಾಡಿಯ ಮೇಲಣ ಮೂಟೆ ಬೇರೆ, ಗಾಡಿಯ ಅಚ್ಚಿನ ಬಾಗು ಬೇರೆ. ನಾನು ಮೊದಲನೆಯದನ್ನು ‘ಹೊರೆ’ ಎಂದೂ ಎರಡನೆಯದನ್ನು ‘ಕಳವಳ’ ಎಂದೂ ಕರೆಯುವೆನು. ಒಬ್ಬನು ತನಗೆ ಒತ್ತಡ ಹೆಚ್ಚಾಗಿದೆಯೆಂದು ಹೇಳಿಕೊಂಡಾಗ ಅವನು ಆಡುತ್ತಿರುವುದು ಹೊರೆಯ ಮಾತು. ಕೇಳಿದವರು ಗ್ರಹಿಸುವುದು ಕಳವಳದ ಮಾತು. ಒಡನೆಯೇ ಅಚ್ಚನ್ನು ಗಟ್ಟಿಮಾಡಿಕೊಳ್ಳೆಂಬ ಉಪದೇಶ ಹೊರಡುತ್ತದೆ. ಮೂಟೆಯನ್ನು ಇಳಿಸುವ ಮಾತು ಬರುವುದಿಲ್ಲ.

ಮನಸ್ಸಿನ ನೋವು ಮೈಗೆ ಇಳಿಯುವುದೆಂಬುದನ್ನು ಕನ್ನಡಿಗರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ಅಸೂಯೆಗೆ ನಮ್ಮವರು ಹೊಟ್ಟೆಯುರಿ ಎಂದು ಹೆಸರಿಟ್ಟರು, ಧೈರ್ಯಗೆಟ್ಟವನನ್ನು ಎದೆಗುಂದಿದವನೆಂದರು, ಮಲೆನಾಡು, ಕರಾವಳಿಯ ಕಡೆಗಳಲ್ಲಿ ಚಿಂತೆಗೆ ತಲೆಬಿಸಿಯೆಂದೇ ವ್ಯವಹಾರ. ಮಕ್ಕಳ ಸಂಕಟವನ್ನು ಕಂಡರೆ ಕರುಳು ಚುರ್ರೆನ್ನುವುದು. ಕೆಟ್ಟ ಸುದ್ದಿ ಕೇಳಿದರೆ ಕೈಕಾಲು ಆಡದು. ‘ಕೊರಗು’ ಎಂಬ ಧಾತುವನ್ನು ನೋಡಿ: ಮನಸ್ಸಿನಲ್ಲಿ ನೋಯುವುದಕ್ಕೂ ಮೈ ಬಾಡಿ ಇಳಿಯುವುದಕ್ಕೂ ಅದೊಂದೇ ಮಾತು ಸಲ್ಲುತ್ತದೆ. ಈ ಭಾಷೆಯನ್ನು ಆಡಿದ ನಮ್ಮ ಅಜ್ಜಿಯರಿಗೆ ಗ್ರಂಥಿಗಳ ಹೆಸರು ತಿಳಿದಿರಲಿಲ್ಲ. ಸೊರಗಿದ ಸೊಸೆಯನ್ನು ನೋಡಿ ಕಾರಣವನ್ನು ಅಡಿಗೆಮನೆಯಲ್ಲಿ ಹುಡುಕಬೇಕೋ ಮಾತಿನಲ್ಲಿ ಹುಡುಕಬೇಕೋ ಎಂಬುದು ತಿಳಿದಿತ್ತು.

ಗೀತೆಯ ಮೊದಲನೆಯ ಅಧ್ಯಾಯವನ್ನು ಪಾರಾಯಣ ಮಾಡುವವರು ಬಹಳ. ಅದನ್ನು ವೈದ್ಯನ ಕಣ್ಣಿನಿಂದ ಓದುವವರು ವಿರಳ. ಅರ್ಜುನನು ತನ್ನ ವಿಷಾದವನ್ನು ಹೇಳಿಕೊಳ್ಳುವಾಗ ಮೊದಲು ತತ್ತ್ವವನ್ನು ಎತ್ತುವುದಿಲ್ಲ, ದೇಹವನ್ನು ವರ್ಣಿಸುತ್ತಾನೆ. ಅವಯವಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮಗಳು ನಿಮಿರಿವೆ, ಚರ್ಮ ಉರಿಯುತ್ತಿದೆ, ಬಿಲ್ಲು ಕೈಯಿಂದ ಜಾರುತ್ತಿದೆ, ನಿಂತಿರಲಾಗದು, ತಲೆ ಸುತ್ತಿದಂತಾಗುತ್ತಿದೆ ಎಂಬುದು ಅವನ ನಿವೇದನೆ. ಈ ಪಟ್ಟಿಯ ಬಹುಭಾಗವನ್ನು ಇಂದಿನ ವೈದ್ಯಗ್ರಂಥದಿಂದ ಎತ್ತಿದ್ದೆಂದು ಹೇಳಿದರೆ ನಂಬುವವರುಂಟು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೋವು, ಹಸಿವು, ಭಯ, ಕೋಪಗಳಿಂದ ದೇಹದಲ್ಲಾಗುವ ಮಾರ್ಪಾಡುಗಳನ್ನು ವಿವರಿಸಿದನು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಎಂಬ ಎರಡು ಸಣ್ಣ ಗ್ರಂಥಿಗಳಿವೆ. ಅಪಾಯದ ಅರಿವಾದೊಡನೆ ಇವುಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುವುದು, ರಕ್ತದಲ್ಲಿ ಸಕ್ಕರೆ ಹೆಚ್ಚುವುದು, ಮಾಂಸಖಂಡಗಳಿಗೆ ರಕ್ತವು ನುಗ್ಗುವುದು, ಜೊಲ್ಲು ನಿಂತು ಬಾಯಿ ಆರುವುದು, ಜೀರ್ಣಕ್ರಿಯೆ ತಡೆಯುವುದು, ರೋಮಗಳು ನಿಮಿರುವುವು. ಕಾದು, ಇಲ್ಲವೆ ಓಡಿಹೋಗು ಎಂದು ದೇಹವು ತನ್ನನ್ನು ತಾನೇ ಸಜ್ಜುಗೊಳಿಸುವ ಪರಿ ಇದು. ಹುಲಿ ಎದುರಾದಾಗ ಉಂಡ ಅನ್ನವನ್ನು ಅರಗಿಸುತ್ತ ಕುಳಿತಿರುವ ಅಗತ್ಯವಿಲ್ಲವಷ್ಟೆ. ಅರ್ಜುನನ ಪಾಡನ್ನು ನೋಡಿದರೆ, ಅವನ ದೇಹವು ಕಾದಲು ಸಜ್ಜಾಗಿತ್ತು. ಅವನು ಕಾದಲೊಲ್ಲನು, ಓಡಲೂ ಆರನು. ರಥದಲ್ಲಿ ಕುಸಿದು ಕುಳಿತನು. ಅರ್ಜುನನಿಗೆ ಅದು ಒಂದು ಬೆಳಗಿನ ಸಂಕಟ. ನಮ್ಮ ಕಾಲದ ಗೃಹಸ್ಥನಿಗೆ ಅದು ನಿತ್ಯದ ಸ್ಥಿತಿ. ಮೇಲಧಿಕಾರಿಯ ಮೇಜಿನ ಮುಂದೆ ನಿಂತವನು ಅವನೊಡನೆ ಕಾದುವಂತೆಯೂ ಇಲ್ಲ, ಮಕ್ಕಳ ಶಾಲೆಯ ಶುಲ್ಕ ನೆನಪಿರುವುದರಿಂದ ಓಡುವಂತೆಯೂ ಇಲ್ಲ.

ಈ ಸನ್ನಾಹವು ದೀರ್ಘಕಾಲ ನಿಂತರೆ ಏನಾಗುವುದೆಂಬುದನ್ನು ತೋರಿಸಿದವನು ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ. ೧೯೩೬ರಲ್ಲಿ ‘ನೇಚರ್’ ಪತ್ರಿಕೆಗೆ ಅವನು ಬರೆದ ಪುಟ್ಟ ಪತ್ರವೊಂದು ಪ್ರಸಿದ್ಧವಾಗಿದೆ. ಇಲಿಗಳನ್ನು ಚಳಿಯಲ್ಲಿರಿಸಿದರೂ, ಗಾಯಗೊಳಿಸಿದರೂ, ಅತಿಯಾಗಿ ದುಡಿಸಿದರೂ, ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟರೂ ಅವುಗಳ ದೇಹದಲ್ಲಿ ಒಂದೇ ಬಗೆಯ ವಿಕಾರಗಳು ಕಂಡುಬಂದುವು: ಅಡ್ರಿನಲ್ ಗ್ರಂಥಿಗಳು ಊದಿದ್ದುವು, ರೋಗದೊಡನೆ ಹೋರುವ ಕಣಗಳನ್ನು ಬೆಳೆಯಿಸುವ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣುಗಳಾಗಿದ್ದುವು. ದಿಗಿಲು, ತಾಳಿಕೆ, ಬಳಲಿಕೆ ಎಂಬ ಮೂರು ಅವಸ್ಥೆಗಳನ್ನು ಅವನು ಗುರುತಿಸಿದನು. ಎರಡನೆಯ ಅವಸ್ಥೆಯೇ ಕಪಟದ್ದು. ತಾಳಿಕೊಳ್ಳುತ್ತಿರುವವನು ನೋಡುವವರಿಗೆ ಸ್ವಸ್ಥನಾಗಿ ಕಾಣುವನು. ಒಳಗೆ ಮೂಲಧನವು ಕರಗುತ್ತಿರುತ್ತದೆ. ದೀರ್ಘಕಾಲದ ಕಳವಳದಲ್ಲಿ ಕಾರ್ಟಿಸೋಲ್ ಎಂಬ ಮತ್ತೊಂದು ರಸವು ಹದ ಮೀರಿ ಹರಿಯುವುದರಿಂದ ರಕ್ತದ ಒತ್ತಡ, ಸಕ್ಕರೆ ಏರಬಹುದು, ಹೊಟ್ಟೆಯ ಸುತ್ತ ಕೊಬ್ಬು ಸೇರಬಹುದು, ನಿದ್ರೆ ಒಡೆಯಬಹುದು, ನೆನಪು ಮಂಕಾಗಬಹುದು. ಮನಸ್ಸಿನ ಕಡೆಗೆ ಬಂದರೆ, ಸಿಡುಕು, ಅನಾಸಕ್ತಿ, ಯಾವುದರಲ್ಲಿಯೂ ಹುರುಪಿಲ್ಲದಿರುವುದು, ಕಡೆಗೆ ಬದುಕೇ ಬೇಡವೆನಿಸುವ ವಿಷಾದ. ಇವನ್ನು ಸ್ವಭಾವದೋಷವೆಂದು ಬಗೆದು ಮನೆಯವರು ಇನ್ನಷ್ಟು ಬೈಯುವುದುಂಟು.

ನಂಬದವರಿಗಾಗಿ ಎರಡು ಪ್ರಯೋಗಗಳನ್ನು ಹೇಳುವೆನು. ಅಮೆರಿಕದ ಓಹಾಯೋ ರಾಜ್ಯದ ವಿಶ್ವವಿದ್ಯಾಲಯದವರು ಮರೆವಿನ ರೋಗ ಹಿಡಿದ ಮುದುಕರ ಶುಶ್ರೂಷೆಯಲ್ಲಿ ತೊಡಗಿದ್ದ ೧೩ ಮಂದಿ ಸ್ತ್ರೀಯರನ್ನೂ, ಅಂಥ ಭಾರವಿಲ್ಲದ ೧೩ ಮಂದಿಯನ್ನೂ ಆರಿಸಿಕೊಂಡು, ಅವರ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯವನ್ನು ಮಾಡಿ, ಮಾಯುವ ದಿನಗಳನ್ನು ಎಣಿಸಿದರು. ಶುಶ್ರೂಷೆಮಾಡುತ್ತಿದ್ದವರ ಗಾಯಗಳು ಮಾಯಲು ಸರಾಸರಿ ೯ ದಿನ ಹೆಚ್ಚು ಹಿಡಿದುವು. ಇದು ೧೯೯೫ರಲ್ಲಿ ಪ್ರಕಟವಾಯಿತು. ೧೯೯೮ರಲ್ಲಿ ಅದೇ ಪಂಡಿತರು ದಂತವೈದ್ಯವನ್ನು ಓದುತ್ತಿದ್ದ ೧೧ ಮಂದಿ ವಿದ್ಯಾರ್ಥಿಗಳ ಅಂಗುಳಿನಲ್ಲಿ ಬೇಸಗೆಯ ರಜೆಯಲ್ಲೊಮ್ಮೆ, ಪರೀಕ್ಷೆಗೆ ಮೂರು ದಿನ ಮುಂಚೆ ಒಮ್ಮೆ ಇಂಥದೇ ಗಾಯವನ್ನು ಮಾಡಿ ನೋಡಿದರು. ಪರೀಕ್ಷೆಯ ಕಾಲದಲ್ಲಿ ಮಾಯಲು ನೂರಕ್ಕೆ ೪೦ರಷ್ಟು ಹೆಚ್ಚು ಕಾಲ ಬೇಕಾಯಿತು. ಆ ಹುಡುಗರು ಅಂಜುಬುರುಕರೆಂದು ಹೇಳುವಂತಿಲ್ಲ. ರಜೆಯಲ್ಲಿ ಬೇಗ ಮಾಯಿಸಿಕೊಂಡವರೂ ಅವರೇ.

ಮೊದಲನೆಯ ಪ್ರಯೋಗವನ್ನು ಓದಿದಾಗ ನಮ್ಮ ಬೀದಿಯಲ್ಲಿ ಬಹಳ ವರ್ಷಗಳ ಹಿಂದೆ ಇದ್ದ ಒಬ್ಬ ಸಾಧ್ವಿಯ ನೆನಪಾಯಿತು. ಪಾರ್ಶ್ವವಾಯು ಬಡಿದು ಮಲಗಿದ್ದ ಅತ್ತೆಯನ್ನು ಆಕೆ ಆರು ವರ್ಷ ನೋಡಿಕೊಂಡಳು. ರಾತ್ರಿ ಎರಡು ಸಲ, ಮೂರು ಸಲ ಏಳಬೇಕು, ಮಗ್ಗುಲು ತಿರುಗಿಸಬೇಕು, ಬಟ್ಟೆ ಬದಲಾಯಿಸಬೇಕು. ಊರಿನವರೆಲ್ಲ ಆಕೆಯ ತಾಳ್ಮೆಯನ್ನು ಕೊಂಡಾಡುವವರೇ. ಹಬ್ಬಕ್ಕೆ ಬಂದ ನಾದಿನಿಯರು, “ಅತ್ತಿಗೆ, ನಿಮ್ಮಂಥವರು ಸಿಕ್ಕಿದ್ದು ನಮ್ಮ ಅಮ್ಮನ ಪುಣ್ಯ” ಎಂದು ಕಣ್ಣೊರಸಿಕೊಂಡು ಹೋಗುವರು. ಒಂದು ರಾತ್ರಿ ನೀವು ಮಲಗಿ, ನಾನು ನೋಡಿಕೊಳ್ಳುವೆನೆಂದು ಹೇಳಿದವರನ್ನು ಯಾರೂ ಕಾಣರು. ಆಕೆಗೆ ರಕ್ತದ ಒತ್ತಡವಿತ್ತು, ಮೇಲಿಂದ ಮೇಲೆ ಜ್ವರ ಬರುತ್ತಿತ್ತು, ತಲೆಶೂಲೆಯಿತ್ತು. ಅತ್ತೆ ತೀರಿಹೋದ ವರ್ಷದಲ್ಲಿಯೇ ಆಕೆಯೂ ಹಾಸಿಗೆ ಹಿಡಿದಳು. ಆಗ ಊರು ಹೇಳಿದ ಮಾತು: “ಆಕೆ ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವ.” ಹೊಗಳಿಕೆಯು ಕೆಲವೊಮ್ಮೆ ಸಹಾಯಮಾಡದಿರುವುದಕ್ಕೆ ಬಹು ಅಗ್ಗವಾದ ಉಪಾಯವೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಎಲ್ಲ ರೋಗವನ್ನೂ ಚಿಂತೆಯ ತಲೆಗೆ ಕಟ್ಟುವುದೂ ಅನ್ಯಾಯವೇ. ಜಠರದ ಹುಣ್ಣು ಚಿಂತೆಯಿಂದಲೂ ಅತಿಯಾದ ದುಡಿಮೆಯಿಂದಲೂ ಬರುವುದೆಂದು ಬಹುಕಾಲ ವೈದ್ಯರು ಹೇಳುತ್ತಿದ್ದರು. ರೋಗಿಗೆ ಹಾಲನ್ನೂ ಸಮಾಧಾನವನ್ನೂ ವಿಧಿಸುತ್ತಿದ್ದರು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು ೧೯೮೦ರ ದಶಕದ ಮೊದಲಲ್ಲಿ ಈ ಹುಣ್ಣಿಗೆ ಬಹುಮಟ್ಟಿಗೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂದು ತೋರಿಸಿದರು. ಜನರು ನಂಬದಿರಲು ಮಾರ್ಷಲನು ಆ ಜೀವಿಗಳು ತುಂಬಿದ ದ್ರವವನ್ನು ತಾನೇ ಕುಡಿದು ರೋಗವನ್ನು ತಂದುಕೊಂಡನು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವಾಯಿತು. ಔಷಧದಿಂದ ಗುಣವಾಗತಕ್ಕ ಬೇನೆಗೆ ನಿನ್ನ ಮನಸ್ಸೇ ಕಾರಣವೆಂದು ಕೇಳಿಸಿಕೊಂಡು ಕಾಲಹಾಕಿದವರು ಎಷ್ಟು ಮಂದಿಯೋ! ಆದಕಾರಣ ಎದೆನೋವೆಂದು ಹೇಳುವ ಹೆಂಗಸಿಗೆ ಮೊದಲು ಪರೀಕ್ಷೆಯಾಗಲಿ, ಆಮೇಲೆ ಉಪದೇಶ.

ಇನ್ನು ಹೊಣೆಯ ವಿಚಾರ. ನಮ್ಮ ಕಡೆಯ ಪಂಡಿತರು ಈ ಪ್ರಸಂಗದಲ್ಲಿ ಚರಕನ ‘ಪ್ರಜ್ಞಾಪರಾಧ’ವನ್ನು ಎತ್ತುವರು. ಬುದ್ಧಿಯ, ಧೈರ್ಯದ, ಸ್ಮರಣೆಯ ಭ್ರಂಶದಿಂದ ಮನುಷ್ಯನು ಮಾಡಬಾರದುದನ್ನು ಮಾಡಿ ರೋಗವನ್ನು ತಂದುಕೊಳ್ಳುವನೆಂಬುದು ಅದರ ತಾತ್ಪರ್ಯ. ಚರಕನು ವಿಷಾದವನ್ನು ರೋಗವನ್ನು ಬೆಳೆಯಿಸತಕ್ಕವುಗಳಲ್ಲಿ ಅಗ್ರಗಣ್ಯವೆಂದು ಎಣಿಸಿರುವುದೂ ನಿಜ. ಲೋಭ, ಶೋಕ, ಭಯ, ಕ್ರೋಧಗಳ ವೇಗವನ್ನು ತಡೆಯಬೇಕೆಂದು ವಿಧಿಸಿರುವುದೂ ನಿಜ. ಇಷ್ಟರಿಂದ, ಚಿಂತಿಸಿ ಕೆಟ್ಟವನದೇ ಅಪರಾಧವೆಂದು ತೀರ್ಪು ಹೊರಡುತ್ತದೆ. ಆದರೆ ಅರ್ಧ ಓದಿ ತೀರ್ಪು ಕೊಡಬಾರದು. ಮನೋವೇಗವನ್ನು ತಡೆಯೆಂದ ಅದೇ ಅಧ್ಯಾಯದಲ್ಲಿ ತಡೆಯಬಾರದ ದೇಹವೇಗಗಳ ಪಟ್ಟಿಯಿದೆ. ಕಣ್ಣೀರು ಅದರಲ್ಲಿ ಒಂದು. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣುಬೇನೆ, ಅರುಚಿಗಳಲ್ಲದೆ ಹೃದ್ರೋಗವೂ ಬರುವುದೆಂದು ಹೇಳಿದೆ. “ಗಂಡಸಾಗಿ ಅಳುತ್ತೀಯಾ?” ಎಂದು ಗದರಿಸುವವರಿಗೆ ಚರಕನ ಬೆಂಬಲವಿಲ್ಲ.

ಇದಕ್ಕಿಂತ ಮುಖ್ಯವಾದುದು ವಿಮಾನಸ್ಥಾನದ ಮೂರನೆಯ ಅಧ್ಯಾಯ. ಅಲ್ಲಿ ಜನಪದೋದ್ಧ್ವಂಸವೆಂಬ ವಿಚಾರ ಬರುತ್ತದೆ. ಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆಯಾಗಿರುವ ಜನರೆಲ್ಲ ಒಂದೇ ಕಾಲದಲ್ಲಿ ಒಂದೇ ರೋಗದಿಂದ ನಾಶವಾಗುವುದು ಹೇಗೆ ಎಂಬುದು ಪ್ರಶ್ನೆ. ಗಾಳಿ, ನೀರು, ನೆಲ, ಕಾಲಗಳು ಕೆಡುವುದರಿಂದ ಎಂದು ಉತ್ತರ. ಅವೇಕೆ ಕೆಟ್ಟುವು? ದೇಶಕ್ಕೂ ನಗರಕ್ಕೂ ಮುಖ್ಯಸ್ಥರಾದವರು ಧರ್ಮವನ್ನು ಮೀರಿ ಪ್ರಜೆಗಳನ್ನು ಅಧರ್ಮದಿಂದ ನಡೆಯಿಸಿದಾಗ ಅವು ಕೆಡುವುವು. ಆ ಅಧರ್ಮಕ್ಕೂ ಪ್ರಜ್ಞಾಪರಾಧವೇ ಮೂಲ ಎಂದು ಆತ್ರೇಯನು ಹೇಳುತ್ತಾನೆ. ಅಪರಾಧ ಒಬ್ಬರದು, ಜ್ವರ ಇನ್ನೊಬ್ಬರಿಗೆ! ಈ ಅಧ್ಯಾಯವನ್ನು ಉಪದೇಶಕರು ಉದಾಹರಿಸುವುದನ್ನು ನಾನು ಕೇಳಿದ್ದು ಕಡಮೆ. ಆತ್ರೇಯನು ಅಲ್ಲಿ ಮಾತಾಡುತ್ತಿರುವುದು ಮಾರಿರೋಗಗಳನ್ನು ಕುರಿತು, ಕಳವಳವನ್ನು ಕುರಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ಮೇಲಿನವರ ನಡತೆಯು ಕೆಳಗಿನವರ ದೇಹದಲ್ಲಿ ರೋಗವಾಗಿ ಕಾಣಿಸಿಕೊಳ್ಳಬಹುದೆಂಬ ತತ್ತ್ವವು ಅಲ್ಲಿದೆ. ಆ ತತ್ತ್ವಕ್ಕೆ ನಮ್ಮ ಕಾಲದಲ್ಲಿ ಅಂಕಿಗಳೂ ಒದಗಿವೆ.

ಲಂಡನ್ನಿನಲ್ಲಿ ಸರ್ಕಾರದ ಕಚೇರಿಗಳಿರುವ ಬೀದಿಗೆ ವೈಟ್‌ಹಾಲ್ ಎಂದು ಹೆಸರು. ೧೯೬೭ರಲ್ಲಿ ಪ್ರಾರಂಭವಾದ ಒಂದು ಅಧ್ಯಯನದಲ್ಲಿ ಅಲ್ಲಿಯ ಸುಮಾರು ೧೮,೦೦೦ ಮಂದಿ ಪುರುಷ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ದೊಡ್ಡ ಹುದ್ದೆಯವನಿಗೆ ಜವಾಬ್ದಾರಿ ಹೆಚ್ಚು, ಅವನ ಹೃದಯವೇ ಮೊದಲು ಒಡೆಯುವುದು ಎಂಬುದು ಲೋಕದ ನಂಬಿಕೆ. ಕಂಡುಬಂದುದು ವಿಪರೀತ. ಜವಾನರು, ಬಾಗಿಲು ಕಾಯುವವರು ಮೊದಲಾದ ಕಡೆಯ ದರ್ಜೆಯವರಲ್ಲಿ ಹೃದ್ರೋಗದ ಮರಣವು ಮೇಲಣ ದರ್ಜೆಯವರದಕ್ಕಿಂತ ಸುಮಾರು ಮೂರು ಪಟ್ಟು ಇದ್ದಿತು. ನಡುವಣ ದರ್ಜೆಯವರು ನಡುವೆಯೇ ಇದ್ದರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಭೇದ. ಇವರಾರೂ ಅನ್ನವಿಲ್ಲದವರಲ್ಲ, ಎಲ್ಲರಿಗೂ ತಿಂಗಳಿಗೆ ಸಂಬಳ, ಎಲ್ಲರಿಗೂ ವೈದ್ಯಸೌಕರ್ಯ. ಹೊಗೆಬತ್ತಿ, ರಕ್ತದ ಒತ್ತಡ ಮುಂತಾದವನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರದ ಒಂದು ಭಾಗ ಮಾತ್ರ ವಿವರಣೆಗೆ ಸಿಕ್ಕಿತು. ೧೯೮೫ರಲ್ಲಿ ಮೈಕೇಲ್ ಮಾರ್ಮಟ್ ಎಂಬುವನ ನೇತೃತ್ವದಲ್ಲಿ ಎರಡನೆಯ ಅಧ್ಯಯನ ಮೊದಲಾಯಿತು. ಈ ಸಲ ಹೆಂಗಸರೂ ಸೇರಿ ೧೦,೩೦೮ ಮಂದಿ. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂಬುದು ಇದರಿಂದ ತೋರಿಬಂದು ೧೯೯೭ರಲ್ಲಿ ಪ್ರಕಟವಾಯಿತು. ಯಾವ ಕೆಲಸ, ಯಾವಾಗ, ಯಾವ ಕ್ರಮದಲ್ಲಿ ಎಂಬ ಸಣ್ಣ ಸಂಗತಿಗಳಲ್ಲಿಯೂ ತನ್ನ ಮಾತು ನಡೆಯದವನು ದುಡಿಮೆಗಿಂತ ಹೆಚ್ಚಾಗಿ ಆ ನಡೆಯದಿರುವಿಕೆಯಿಂದ ಸವೆಯುವನೆಂದು ಇದರ ಅರ್ಥ.

ಇದನ್ನು ಪ್ರಾಣಿಗಳಲ್ಲಿ ಇನ್ನೂ ಸ್ಫುಟವಾಗಿ ಕಾಣಬಹುದು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೇ ವೈಸ್ ಎಂಬುವನು ೧೯೭೦ರ ಸುಮಾರಿನಲ್ಲಿ ಜೊತೆ ಇಲಿಗಳಿಗೆ ಸಮಸಮನಾಗಿ ವಿದ್ಯುತ್ತಿನ ಆಘಾತ ಕೊಟ್ಟನು. ಒಂದಕ್ಕೆ ಚಕ್ರವನ್ನು ತಿರುಗಿಸಿ ಆಘಾತವನ್ನು ನಿಲ್ಲಿಸುವ ಉಪಾಯವಿತ್ತು, ಮತ್ತೊಂದಕ್ಕೆ ಇರಲಿಲ್ಲ. ಮೊದಲನೆಯದು ನಿಲ್ಲಿಸಿದಾಗ ಎರಡನೆಯದಕ್ಕೂ ನಿಲ್ಲುವಂತೆ ಏರ್ಪಾಡಿದ್ದುದರಿಂದ ನೋವಿನ ಪ್ರಮಾಣದಲ್ಲಿ ಭೇದವಿಲ್ಲ. ಆದರೂ ಎರಡನೆಯದರ ಜಠರದಲ್ಲಿ ಹುಣ್ಣುಗಳು ಹೆಚ್ಚು. ಆಘಾತಕ್ಕೆ ಮುಂಚೆ ಸೂಚನೆ ಕೊಟ್ಟ ಇಲಿಗಳಿಗೂ ಕೊಡದ ಇಲಿಗಳಿಗೂ ಇಂಥದೇ ಭೇದ ಕಂಡಿತು. ಇಲಿಗಳನ್ನು ಹೀಗೆ ಹಿಂಸಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಕಂಡುಬಂದ ಸತ್ಯವನ್ನು ಅಲ್ಲಗಳೆಯಲಾರೆನು.

ಇಲಿಯ ಕಥೆಗೆ ಸಮೀಪವಾದುದನ್ನು ನಾನು ಒಂದು ಹಳ್ಳಿಯ ಶಾಲೆಯಲ್ಲಿ ಕಂಡಿದ್ದೇನೆ. ಏಳನೆಯ ತರಗತಿಯ ಒಬ್ಬ ಹುಡುಗನಿಗೆ ಬೆಳಗಿನ ಹೊತ್ತು ಹೊಟ್ಟೆನೋವು. ಮನೆಯವರು ನಾಟಿವೈದ್ಯ ಮಾಡಿಸಿದರು, ದೃಷ್ಟಿ ತೆಗೆದರು, ದೇವರಿಗೆ ಹರಕೆ ಹೊತ್ತರು, ಪಟ್ಟಣದ ಆಸ್ಪತ್ರೆಗೂ ಕರೆದೊಯ್ದರು. ದಸರೆಯ ರಜೆಯಲ್ಲಿ ನೋವಿಲ್ಲ. ಶಾಲೆ ತೆರೆದ ದಿನ ಮತ್ತೆ ನೋವು. ತಂದೆಯು ಇದು ಸೋಗೆಂದು ನಿರ್ಣಯಿಸಿ ಹೊಡೆದನು. ಸೋಗಲ್ಲ, ಹುಡುಗನು ಬೆವರುತ್ತಿದ್ದನು, ವಾಂತಿಮಾಡುತ್ತಿದ್ದನು. ಲೆಕ್ಕದ ಪಾಠದಲ್ಲಿ ಇದ್ದಕ್ಕಿದ್ದಂತೆ ಯಾರನ್ನಾದರೂ ಹಲಗೆಯ ಮುಂದೆ ಕರೆದು ನಿಲ್ಲಿಸುವ ಪದ್ಧತಿ ಅಲ್ಲಿತ್ತು. ಆಗ ಮುಖ್ಯೋಪಾಧ್ಯಾಯರಾಗಿದ್ದ ವೃದ್ಧರೊಬ್ಬರು ಹುಡುಗನಿಗೆ ಧೈರ್ಯವನ್ನು ಬೋಧಿಸಲಿಲ್ಲ. ಅವನನ್ನು ಕರೆದು, “ನೋಡಪ್ಪಾ, ಗುರುವಾರ ನಿನ್ನ ಸರದಿ. ಈ ಐದು ಲೆಕ್ಕಗಳಲ್ಲಿ ನಿನಗೆ ಬೇಕಾದ ಒಂದನ್ನು ಆರಿಸಿಕೊ. ಬೇರೆ ದಿನ ನಿನ್ನನ್ನು ಯಾರೂ ಕರೆಯುವುದಿಲ್ಲ” ಎಂದರು. ತರಗತಿಗೆಲ್ಲ ಇದೇ ಏರ್ಪಾಡಾಯಿತು. ಎರಡು ತಿಂಗಳಲ್ಲಿ ನೋವಿನ ಸುದ್ದಿ ನಿಂತಿತು. ಲೆಕ್ಕದಲ್ಲಿ ಅವನೇನೂ ಪ್ರವೀಣನಾಗಲಿಲ್ಲ. ಅದು ಬೇರೆ ಮಾತು. ಆ ವೃದ್ಧರು ವೈಸನ ಹೆಸರನ್ನು ಕೇಳಿದವರಲ್ಲ. ಹೊರೆಯನ್ನು ತೆಗೆಯದೆಯೂ ಅದರ ದಿನವನ್ನು ತಿಳಿಸಿ, ಅದರಲ್ಲಿ ಒಂದಿಷ್ಟು ಆಯ್ಕೆಯನ್ನು ಹುಡುಗನ ಕೈಗೆ ಕೊಟ್ಟರು, ಅಷ್ಟೆ.

ವೇದಾಂತವನ್ನು ಬಲ್ಲವರು ಇಲ್ಲಿ ಕೇಳಬಹುದು: ಒಂದೇ ಹೊರೆಯಡಿಯಲ್ಲಿ ಒಬ್ಬನು ಕುಸಿಯುವನು, ಇನ್ನೊಬ್ಬನು ನಗುತ್ತ ನಡೆಯುವನು, ಭೇದವು ಮನಸ್ಸಿನಲ್ಲಿಯೇ ಇದೆಯಲ್ಲವೆ? ಸ್ಥಿತಪ್ರಜ್ಞನಿಗೆ ಕಳವಳವೆಲ್ಲಿಯದು? ಈ ಆಕ್ಷೇಪವು ಹಗುರವಾದುದಲ್ಲ. ಅಭ್ಯಾಸದಿಂದ ಮನಸ್ಸು ಬಲಗೊಳ್ಳುವುದು ನಿಜ. ಪ್ರಾಣಾಯಾಮದಿಂದ, ಜಪದಿಂದ, ನಿಯತವಾದ ನಡಿಗೆಯಿಂದ, ನಿದ್ರೆಯಿಂದ, ಸಂಗೀತದಿಂದ ಕಳವಳ ತಗ್ಗುವುದನ್ನು ನಾನೂ ಬಲ್ಲೆ. ಸ್ವಲ್ಪ ಕಾವು ಇಲ್ಲದೆ ಯಾವ ವಿದ್ಯೆಯೂ ಬೇಯದೆಂಬುದನ್ನೂ ಒಪ್ಪುವೆನು. ಅಚ್ಚಿನ ಮರವು ಗಟ್ಟಿಯಾದಷ್ಟೂ ಒಳ್ಳೆಯದೇ. ಆದರೆ ಗಟ್ಟಿಮರದ ಅಚ್ಚು ತಾಳುವುದೆಂಬ ಕಾರಣದಿಂದ ಮೆದುಮರದ ಗಾಡಿಗೂ ಅಷ್ಟೇ ಮೂಟೆ ಹೇರಿ, ಮುರಿದಾಗ ಮರವನ್ನು ಬೈಯುವ ಗಾಡಿಯವನನ್ನು ಏನೆನ್ನೋಣ? ಸ್ಥೈರ್ಯವು ಮನುಷ್ಯನು ತನಗೆ ತಾನೇ ವಿಧಿಸಿಕೊಳ್ಳುವಾಗ ತಪಸ್ಸು. ಮತ್ತೊಬ್ಬನು ತನ್ನ ಅನುಕೂಲಕ್ಕಾಗಿ ಅದನ್ನು ಅವನಿಗೆ ವಿಧಿಸಿದರೆ ಅದಕ್ಕೆ ಬೇರೆ ಹೆಸರು ಬೇಕು. ಫಲಾಪೇಕ್ಷೆಯಿಲ್ಲದೆ ದುಡಿಯಿರಿ ಎಂದು ಕೆಲಸಗಾರರಿಗೆ ಗೀತೋಪದೇಶ ಮಾಡುವ ಧಣಿಗಳನ್ನು ನೋಡಿದ್ದೇನೆ. ಕೂಲಿಯ ವಿಷಯದಲ್ಲಿ ಅವರು ಗೀತೆಯನ್ನು ಅನುಸರಿಸಿದಷ್ಟು ನಿಷ್ಠೆಯಿಂದ ಲಾಭದ ವಿಷಯದಲ್ಲಿ ಅನುಸರಿಸಿದ್ದನ್ನು ನೋಡಲಿಲ್ಲ.

ಗೀತೆಯನ್ನೇ ಪ್ರಮಾಣವಾಗಿ ಹಿಡಿಯುವುದಾದರೆ ಅದರಲ್ಲಿ ನಡೆದುದನ್ನು ಕ್ರಮವಾಗಿ ನೋಡಬೇಕು. ಅರ್ಜುನನು ಕುಸಿದಾಗ ಕ್ಷತ್ರಿಯನಿಗೆ ಒಪ್ಪದ ಈ ದೌರ್ಬಲ್ಯವೇಕೆಂದು ಭಗವಂತನು ಮೊದಲು ಎರಡು ಶ್ಲೋಕಗಳಲ್ಲಿ ಗದರಿಸಿಯೇ ನೋಡಿದನು. ಅದರಿಂದ ಏನೂ ಆಗಲಿಲ್ಲ. ಅರ್ಜುನನು ಮತ್ತೆ ತನ್ನ ಸಂಕಟವನ್ನೇ ಹೇಳಿ, ಯುದ್ಧಮಾಡೆನೆಂದು ಸುಮ್ಮನಾದನು. ಸಾಕ್ಷಾತ್ ಭಗವಂತನ ಗದರಿಕೆಯೇ ನಾಟದಿದ್ದ ಮೇಲೆ ನೆರೆಮನೆಯವರ ಗದರಿಕೆ ನಾಟೀತೇ? ಆಮೇಲೆ ನಡೆದುದು ದೀರ್ಘವಾದ ಸಂವಾದ. ಅರ್ಜುನನು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವನು, ವಿರೋಧ ತೋರಿಸುವನು, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ದೂರುವನು. ಹಾಗಲ್ಲವೆಂದು ಭಗವಂತನು ಹೇಳುವುದಿಲ್ಲ. ಕಷ್ಟವೆಂದು ಒಪ್ಪಿಯೇ ಮುಂದುವರಿಯುವನು. ಎಲ್ಲವನ್ನೂ ಹೇಳಿದ ಬಳಿಕ, ಹದಿನೆಂಟನೆಯ ಅಧ್ಯಾಯದ ಕಡೆಯ ಭಾಗದಲ್ಲಿ, ಚೆನ್ನಾಗಿ ಆಲೋಚಿಸಿ ನಿರ್ಧರಿಸುವ ಕೆಲಸವನ್ನು ಅರ್ಜುನನ ಇಚ್ಛೆಗೇ ಬಿಡುವನು. ಜಾರಿದ ಬಿಲ್ಲಿಗಿಂತ ಮೊದಲು ಹಿಡಿತವು ಅವನ ಕೈಗೆ ಮರಳಿತೆಂದು ನಾನು ಇದನ್ನು ಓದುತ್ತೇನೆ. ಭಾಷ್ಯಕಾರರ ದೃಷ್ಟಿ ಬೇರೆ. ಅವರೊಡನೆ ನನಗೆ ಜಗಳವಿಲ್ಲ.

ಈ ಬಗೆಯಲ್ಲಿ ನೋಡಿದರೆ ಹೊಣೆಯ ಲೆಕ್ಕ ಹೀಗೆ ಕಾಣುತ್ತದೆ. ತನ್ನ ಮನಸ್ಸನ್ನು ಹದಗೊಳಿಸಿಕೊಳ್ಳುವ ಪಾಲು ಚಿಂತಿಸುವವನದು. ಅದನ್ನು ಯಾರೂ ಅವನಿಗೆ ಬದಲಾಗಿ ಮಾಡಲಾರರು. ಆದರೆ ಎಷ್ಟು ಹೊರೆ, ಯಾವಾಗ ಬರುವುದು, ಯಾವಾಗ ಇಳಿಯುವುದು, ಅದರಲ್ಲಿ ಅವನ ಮಾತಿಗೆ ಎಡೆಯಿದೆಯೇ ಎಂಬುವು ಬಹುತೇಕ ಪರರ ಕೈಯಲ್ಲಿವೆ: ಮನೆಯಲ್ಲಿ ಯಜಮಾನ ಯಜಮಾನಿಯರ, ಕಚೇರಿಯಲ್ಲಿ ಅಧಿಕಾರಿಯ, ಶಾಲೆಯಲ್ಲಿ ಉಪಾಧ್ಯಾಯರ. ಕೈಯಲ್ಲಿರುವುದನ್ನು ಮಾಡದೆ ಉಪದೇಶವನ್ನು ಮಾತ್ರ ಕೊಟ್ಟವನು ತಟಸ್ಥನಲ್ಲ.

ಇಂಥ ಕೈಗಳು ಸ್ವಲ್ಪ ಚಲಿಸಿರುವುದಕ್ಕೆ ಇತ್ತೀಚಿನ ನಿದರ್ಶನಗಳಿಲ್ಲದಿಲ್ಲ. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ತರಗತಿಗಳಿಗೆ ೨೦೨೪ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ವಿದ್ಯಾರ್ಥಿಯು ಹೆಚ್ಚು ಬಂದ ಅಂಕಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಇದರಿಂದ ವಿದ್ಯೆಯ ಮಟ್ಟ ಕುಸಿಯುವುದೆಂದು ವಾದಿಸುವ ನನ್ನ ಸಹೋದ್ಯೋಗಿಗಳಿದ್ದಾರೆ. ಅಧ್ಯಾಪಕರ ಮೇಲಣ ಹೊರೆ ಹೆಚ್ಚಿತೆಂಬ ಅವರ ದೂರಿನಲ್ಲಿ ಹುರುಳಿದೆ. ಆದರೂ ಒಂದೇ ಬೆಳಗಿನ ಮೂರು ಗಂಟೆಗಳ ಮೇಲೆ ಹದಿನಾರು ವರ್ಷದ ಮಗುವಿನ ಬಾಳೆಲ್ಲ ನಿಂತಿದೆಯೆಂಬ ಭಯವು ಇದರಿಂದ ಸಡಿಲವಾಗುವುದಾದರೆ ನಾನು ಅದನ್ನು ಸ್ವಾಗತಿಸುವೆನು. ಮೂರು ಅವಕಾಶಗಳಿದ್ದುವೆಂದು ಮೂರನ್ನೂ ಬರೆಯಿಸಿ, ಎರಡೆರಡು ಅಂಕಕ್ಕಾಗಿ ಮಗುವನ್ನು ಬೇಸಗೆಯೆಲ್ಲ ಓದಿಸಿದ ತಾಯಿತಂದೆಗಳೂ ಇದ್ದರೆನ್ನಿ.

ಮತ್ತೊಂದು ನಿದರ್ಶನವು ಶಾಸನದ್ದು. ಬದುಕು ಬೇಡವೆಂದು ಪ್ರಾಣಕ್ಕೆ ಕೈಹಾಕಿ ಉಳಿದವನನ್ನು ೧೮೬೦ರ ದಂಡಸಂಹಿತೆಯ ೩೦೯ನೆಯ ಕಲಮು ಅಪರಾಧಿಯೆಂದು ಎಣಿಸಿ ಒಂದು ವರ್ಷದವರೆಗೆ ಸೆರೆಮನೆಯನ್ನು ವಿಧಿಸುತ್ತಿತ್ತು. ೨೦೧೭ರ ಮಾನಸಿಕ ಆರೋಗ್ಯರಕ್ಷಣೆಯ ಶಾಸನವು ತನ್ನ ೧೧೫ನೆಯ ಕಲಮಿನಲ್ಲಿ, ಬೇರೆ ಸಿದ್ಧವಾಗದ ಹೊರತು ಅಂಥವನು ತೀವ್ರವಾದ ಒತ್ತಡಕ್ಕೆ ಒಳಗಾಗಿದ್ದನೆಂದೇ ಭಾವಿಸತಕ್ಕದ್ದೆಂದೂ, ಅವನನ್ನು ವಿಚಾರಣೆಗೆ ಎಳೆದು ಶಿಕ್ಷಿಸಕೂಡದೆಂದೂ, ಅವನ ಆರೈಕೆ ಚಿಕಿತ್ಸೆಗಳು ಸರ್ಕಾರದ ಕರ್ತವ್ಯವೆಂದೂ ವಿಧಿಸಿತು. ೨೦೨೪ರ ಜುಲೈ ೧ರಂದು ಹಳೆಯ ದಂಡಸಂಹಿತೆ ಹೋಗಿ ಹೊಸದು ಬಂದಾಗ ಆ ೩೦೯ನೆಯ ಕಲಮು ಹಾಗೆಯೇ ಮುಂದುವರಿಯಲಿಲ್ಲ. ಅಪರಾಧಿಯ ಸ್ಥಾನದಲ್ಲಿದ್ದವನನ್ನು ಹೊರೆಹೊತ್ತವನ ಸ್ಥಾನಕ್ಕೆ ತರುವುದಕ್ಕೆ ಶಾಸನಕ್ಕೆ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು. ನಮ್ಮ ಹಜಾರಗಳಲ್ಲಿ ನಡೆಯುವ ವಿಚಾರಣೆಗಳು ಇನ್ನೂ ಹಳೆಯ ಕಲಮಿನ ಪ್ರಕಾರವೇ ನಡೆಯುತ್ತಿರುವಂತಿದೆ.

೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರವು ‘ಟೆಲಿ ಮಾನಸ್’ ಎಂಬ ದೂರವಾಣಿಯ ಸೇವೆಯನ್ನು ತೆರೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದಕ್ಕೆ ಮಾರ್ಗದರ್ಶಕವಾಗಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ನೊಂದವರು ತಾವೇ ಮಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಮನೆಯವರು ಮಾಡಿ, ತಾವೇನು ಮಾಡತಕ್ಕದ್ದೆಂದು ಕೇಳಬಹುದು. ಗೋಡೆಯ ಪಂಚಾಂಗದ ಅಂಚಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಈ ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ ಮನೆತನದ ಮಾನಕ್ಕೇನೂ ಕುಂದು ಬಾರದು.